ಆ್ಯಪ್ ಯಜಮಾನರು

ಇವರ ಮನೆಯನ್ನು ಗುರುತಿಸುವುದು ಸುಲಭ. ಹಾಲಿನ ಸ್ವಿಚ್‌ಬೋರ್ಡಿನ ಮೇಲೆ ಸೆಲ್ಲೋಟೇಪು ಮೆತ್ತಿರುತ್ತದೆ. ಅದರಡಿಯ ಚೀಟಿಯಲ್ಲಿ ದಪ್ಪಕ್ಷರದಲ್ಲಿ ‘ದಯವಿಟ್ಟು ಆಫ್ ಮಾಡಬೇಡಿ’ ಎಂದು ಬರೆದಿರುತ್ತದೆ. ಬೆಂಗಳೂರಿನ ಜೆ.ಪಿ. ನಗರದಲ್ಲೂ ಇವರಿದ್ದಾರೆ, ವೈಟ್‌ಫೀಲ್ಡಿನಲ್ಲೂ ಇದ್ದಾರೆ, ಈಚೆಗೆ ಮೈಸೂರಿನ ವಿಜಯನಗರಕ್ಕೂ ಬಂದಿದ್ದಾರೆ. ವಯಸ್ಸು ನಲವತ್ತರ ಆಚೀಚೆ, ಐ.ಟಿ. ನೌಕರಿ, ವಾರದ ಹೆಚ್ಚಿನ ದಿನ ಮನೆಯಿಂದಲೇ ಕೆಲಸ. ಮನೆ ಸಾಲದ ಕಂತು ಇನ್ನೂ ತೀರಿಲ್ಲ, ಆದರೆ ಮನೆಯ ಪ್ರತಿ ಬಲ್ಬಿಗೂ ಸ್ವಂತದ್ದೊಂದು ಐ.ಪಿ. ವಿಳಾಸವಿದೆ. ಹೆಸರು ಹೇಳಿ ಯಾರ ಮನಸ್ಸನ್ನೂ ನೋಯಿಸುವುದು ಬೇಡ. ಆ್ಯಪ್ ಯಜಮಾನರು ಎಂದರೆ ಸಾಕು, ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರು ಅಂತ ನಿಮಗೇ ಹೊಳೆಯುತ್ತದೆ.

ಯಜಮಾನರು ಸ್ವಿಚ್ ಮುಟ್ಟುವುದಿಲ್ಲ. ಸಂಜೆ ಆರೂವರೆಗೆ ಸೋಫಾದಲ್ಲಿ ಕೂತು, ಮಾತು ಕೇಳುವ ಅಮೆಜಾನಿನ ಡಬ್ಬಿ ಅಲೆಕ್ಸಾಗೆ ಇಂಗ್ಲಿಷಿನಲ್ಲಿ ಆಜ್ಞೆ ಕೊಡುತ್ತಾರೆ. ಆ ಮಾತು ಮೊದಲು ರೂಟರಿಗೆ ಹೋಗುತ್ತದೆ, ಅಲ್ಲಿಂದ ಯಾವುದೋ ಡೇಟಾ ಸೆಂಟರಿಗೆ. ಅಲ್ಲಿ ಮಾತು ಅಕ್ಷರವಾಗಿ, ಅಕ್ಷರ ಅರ್ಥವಾಗಿ, ಬಲ್ಬಿನ ಕಂಪನಿಯ ಸರ್ವರಿಗೆ ಸುದ್ದಿ ಮುಟ್ಟಿ, ಮತ್ತೆ ಅದೇ ರೂಟರಿಗೆ ವಾಪಸಾಗಿ, ಸೋಫಾದಿಂದ ಎಂಟಡಿ ದೂರದಲ್ಲಿರುವ ಬಲ್ಬು ಹತ್ತಿಕೊಳ್ಳುತ್ತದೆ. ಹತ್ತಿದಾಗ ಯಜಮಾನರು ಮನೆಗೆ ಬಂದವರ ಮುಖ ನೋಡುತ್ತಾರೆ. ಹತ್ತದಿದ್ದರೆ ರೂಟರಿನ ಮುಖ ನೋಡುತ್ತಾರೆ.

ಈ ವೈಭವಕ್ಕೆ ದೊಡ್ಡ ಅಡ್ಡಿ ಹಾಸನದಿಂದ ಬಂದಿರುವ ಅವರ ತಾಯಿ. ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ಅವರ ಕೈ ತಾನಾಗಿಯೇ ಗೋಡೆಗೆ ಹೋಗುತ್ತದೆ. ಸೆಲ್ಲೋಟೇಪನ್ನು ಉಗುರಿನಿಂದ ಕಿತ್ತಾದರೂ ಸ್ವಿಚ್ ಆರಿಸುತ್ತಾರೆ. ಗೋಡೆಯ ಸ್ವಿಚ್ ಆರಿದರೆ ಸ್ಮಾರ್ಟ್ ಬಲ್ಬಿಗೆ ಪ್ರಜ್ಞೆಯೇ ಇರುವುದಿಲ್ಲ. ಆಮೇಲೆ ಯಾವ ಆಜ್ಞೆಯೂ ಅದಕ್ಕೆ ಕೇಳಿಸದು.

“ಅಮ್ಮಾ, ಗೋಡೆ ಸ್ವಿಚ್ ಮುಟ್ಬೇಡ ಅಂದಿದ್ನಲ್ಲ! ಬಲ್ಬಿಗೆ ವೈಫೈ ಸಿಗಲ್ಲ.”

“ಬಲ್ಬಿಗೆ ಯಾತಕ್ಕೋ ವೈಫೈ? ಆ ರೂಮಲ್ಲಿ ನನ್ನ ಫೋನಿಗೇ ಸಿಗ್ತಿಲ್ಲ. ಉರಿಯೋ ದೀಪ ಆರಿಸೋದೂ ತಪ್ಪೇನೋ ಈ ಮನೇಲಿ?”

ಭಾಷೆಯದು ಇನ್ನೊಂದು ತೊಡಕು. ಅಲೆಕ್ಸಾ ಭಾರತಕ್ಕೆ 2017ರಲ್ಲಿ ಇಂಗ್ಲಿಷಿನೊಂದಿಗೆ ಬಂದಳು, 2019ರಲ್ಲಿ ಹಿಂದಿ ಕಲಿತಳು. ಹಾಸನದ ಕನ್ನಡ ಅವಳ ಪಾಠಪಟ್ಟಿಗೆ ಬರಲಿಲ್ಲ. ಹಾಗಾಗಿ ತಾಯಿ ಒಳಗಿನಿಂದ “ಏ, ಆ ದೀಪ ಹಾಕೋ” ಎಂದು ಕೂಗುತ್ತಾರೆ, ಮಗ ಅದನ್ನು ಇಂಗ್ಲಿಷಿಗೆ ತಿರುಗಿಸಿ ಡಬ್ಬಿಗೆ ಹೇಳುತ್ತಾನೆ, ದೀಪ ಹತ್ತುತ್ತದೆ. ತಾಯಿಯ ಮಟ್ಟಿಗೆ ಕೂಗಿದರೆ ದೀಪ ಹತ್ತುವ ವ್ಯವಸ್ಥೆ ಮಗ ಹುಟ್ಟಿದಾಗಿನಿಂದಲೂ ಇತ್ತು. ನಡುವೆ ಒಂದು ಡಬ್ಬಿ ಬಂದಿದೆ, ಅಷ್ಟೆ.

ಯಜಮಾನರ ವಂಶವೃಕ್ಷ ಮಾತ್ರ ಚಿಕ್ಕದಲ್ಲ. 1990ರಲ್ಲಿ ಅಮೆರಿಕದ ಜಾನ್ ರಾಮ್ಕಿ ಎಂಬ ಎಂಜಿನಿಯರು ಇಂಟರಾಪ್ ಎಂಬ ಪ್ರದರ್ಶನದಲ್ಲಿ ಬ್ರೆಡ್ ಟೋಸ್ಟರೊಂದನ್ನು ಇಂಟರ್‌ನೆಟ್ಟಿಗೆ ಜೋಡಿಸಿ ತೋರಿಸಿದರು. ಕಂಪ್ಯೂಟರಿನಿಂದಲೇ ಅದನ್ನು ಹಚ್ಚಬಹುದಿತ್ತು, ಆರಿಸಬಹುದಿತ್ತು. ಬ್ರೆಡ್ಡನ್ನು ಮಾತ್ರ ಯಾರಾದರೂ ಕೈಯಿಂದಲೇ ಇಡಬೇಕಿತ್ತು. ಆ ಕೊರತೆ ತುಂಬಲು ಮರುವರ್ಷ ಬ್ರೆಡ್ ಎತ್ತಿಡುವ ಪುಟ್ಟ ಕ್ರೇನನ್ನೂ ಜೋಡಿಸಿದರು. ಮುಂದಿನ ಮೂವತ್ತೈದು ವರ್ಷಗಳ ಕಥೆಯೆಲ್ಲ ಈ ಟೋಸ್ಟರಿನಲ್ಲೇ ಇದೆ ಎನ್ನಬಹುದು. ಮೊದಲು ಬೇಡದ ಜಾಗಕ್ಕೆ ಇಂಟರ್‌ನೆಟ್, ಆಮೇಲೆ ಅದನ್ನು ಸಮರ್ಥಿಸಿಕೊಳ್ಳಲು ಒಂದು ಕ್ರೇನು.

ಇದಕ್ಕೆ ಹೋಲಿಸಿದರೆ ಕೇಂಬ್ರಿಜ್ ವಿಶ್ವವಿದ್ಯಾಲಯದವರು ಜಾಣರು. 1991ರಲ್ಲಿ ಅಲ್ಲಿನ ಕಂಪ್ಯೂಟರ್ ಪ್ರಯೋಗಾಲಯದ ಟ್ರೋಜನ್ ರೂಮ್ ಬಳಿ ಕಾಫಿ ಮಾಡುವ ಯಂತ್ರವೊಂದಿತ್ತು. ಬೇರೆ ಮಹಡಿಯವರು ಮೆಟ್ಟಿಲು ತುಳಿದು ಬಂದರೆ ಪಾತ್ರೆ ಖಾಲಿ. ಸಿಟ್ಟಿಗೆದ್ದು ಅದರೆದುರು ಕ್ಯಾಮೆರಾ ಇಟ್ಟರು. ಕಾಫಿ ಇದೆಯೋ ಇಲ್ಲವೋ ಎಂಬುದು ಕೂತಲ್ಲೇ ಪರದೆಯ ಮೇಲೆ ಕಾಣತೊಡಗಿತು. 1993ರಲ್ಲಿ ಆ ಚಿತ್ರ ಜಗತ್ತಿಗೇ ತೆರೆದುಕೊಂಡಿತು. 2001ರಲ್ಲಿ ಕ್ಯಾಮೆರಾ ಆರಿಸಿ, ಆಗಿದ್ದ ಯಂತ್ರವನ್ನು ಹರಾಜಿಗಿಟ್ಟಾಗ ಜರ್ಮನಿಯ ಸ್ಪೀಗಲ್ ಪತ್ರಿಕೆಯ ಅಂತರ್ಜಾಲ ವಿಭಾಗ 3,350 ಪೌಂಡ್ ಕೊಟ್ಟು ಕೊಂಡಿತು. ಅವರಿಗೆ ಕಾಫಿ ನಿಜವಾಗಿಯೂ ದೂರವಿತ್ತು. ನಮ್ಮ ಯಜಮಾನರಿಗೆ ಯಾವುದು ದೂರ? ಗೀಸರ್ ಬಾತ್‌ರೂಮಿನಲ್ಲಿದೆ, ಬಾತ್‌ರೂಮು ಹತ್ತು ಹೆಜ್ಜೆಯಲ್ಲಿದೆ. “ಆಫೀಸಿಂದಲೇ ಗೀಸರ್ ಆನ್ ಮಾಡಬಹುದು” ಎಂದು ಬಂದವರಿಗೆಲ್ಲ ಹೇಳುತ್ತಾರೆ, ಆಫೀಸಿಗೆ ಹೋಗುವುದೇ ಅಪರೂಪ. ಮನೆಯಲ್ಲಿಲ್ಲದವರಿಗಾಗಿ ಹುಟ್ಟಿದ ಸಾಮಾನನ್ನು ಮನೆ ಬಿಟ್ಟು ಕದಲದ ಮನುಷ್ಯ ತುಂಬಿಸಿಕೊಂಡಿರುವುದೇ ಈ ಪುರಾಣದ ತಿರುಳು.

ವಾಷಿಂಗ್ ಮೆಷಿನ್ನಿನದು ಸ್ವಲ್ಪ ಸೂಕ್ಷ್ಮ ವಿಚಾರ. ಬಟ್ಟೆ ಒಗೆದು ಮುಗಿದ ಕೂಡಲೇ ಯಜಮಾನರ ಫೋನಿಗೆ ಸಂದೇಶ ಬರುತ್ತದೆ. ಮೀಟಿಂಗಿನ ಮಧ್ಯೆ ಮೈಕು ಮುಚ್ಚಿ “ಬಟ್ಟೆ ಆಯ್ತಂತೆ!” ಎಂದು ಘೋಷಿಸುತ್ತಾರೆ. ಅಷ್ಟರಲ್ಲಿ ಮೆಷಿನ್ನೇ ಮೂರು ಸಲ ಕಿರುಚಿಕೊಂಡಿರುತ್ತದೆ, ಪಕ್ಕದಲ್ಲಿದ್ದ ಹೆಂಡತಿ ಅರ್ಧ ಬಟ್ಟೆ ಹರವಿ ಆಗಿರುತ್ತದೆ. ಇಂಥ ಮನೆಗಳಲ್ಲಿ ಸಂದೇಶವೆಲ್ಲ ಗಂಡನಿಗೆ, ಕೆಲಸವೆಲ್ಲ ಹೆಂಡತಿಗೆ. ಯಾವ ಕಂಪನಿಯೂ ಇದನ್ನು ಜಾಹೀರಾತಿನಲ್ಲಿ ಹೇಳಿಕೊಂಡಂತಿಲ್ಲ.

ಕಸ ಗುಡಿಸುವ ರೋಬೋ ಬಂದ ಮೇಲೆ ಮನೆಕೆಲಸದವರ ಕೆಲಸ ಒಂದು ಪಟ್ಟು ಹೆಚ್ಚಾಯಿತು. ಅದು ಹೊರಡುವ ಮೊದಲು ಕುರ್ಚಿ ಎತ್ತಿಡಬೇಕು, ಚಾರ್ಜರ್ ವೈರು ಸುತ್ತಿಡಬೇಕು, ಮಗುವಿನ ಕಾಲುಚೀಲ ಆಯ್ದಿಡಬೇಕು. ಕಪ್ಪು ಜಮಖಾನ ಕಂಡರೆ ರೋಬೋ ನಿಂತುಬಿಡುತ್ತದೆ. ಅಡಿಯಲ್ಲಿರುವ ಸೆನ್ಸರ್ ತಾನು ಬಿಟ್ಟ ಬೆಳಕು ಮರಳದಿದ್ದರೆ ಮುಂದೆ ಹಳ್ಳ ಇದೆ ಎಂದುಕೊಳ್ಳುತ್ತದೆ, ಕಪ್ಪು ಬಣ್ಣ ಬೆಳಕನ್ನು ನುಂಗುತ್ತದೆ. ದೇವರ ಕೋಣೆಯ ಮುಂದಿನ ಬಿಳಿ ನೆಲದ ಮೇಲೆ ಮಾತ್ರ ರೋಬೋಗೆ ಅಂಥ ಹೆದರಿಕೆಯಿಲ್ಲ. ಶುಕ್ರವಾರ ಬೆಳಿಗ್ಗೆ ತಾಯಿ ಎಳೆದ ರಂಗೋಲಿಯನ್ನು ಚುಕ್ಕಿಯೂ ಬಿಡದೆ ನುಂಗಿ, ಕೆಲಸ ಯಶಸ್ವಿಯಾಯಿತೆಂದು ಆ್ಯಪಿಗೆ ವರದಿ ಕೊಟ್ಟಿತು. ಕೆಲಸದಾಕೆ ಪೊರಕೆ ಹಿಡಿದು ನೋಡುತ್ತಿದ್ದವಳು, “ಸಾರ್, ಇದಕ್ಕೂ ಭಾನುವಾರ ರಜಾನಾ?” ಎಂದು ಕೇಳಿದಳು.

ಬಾಗಿಲಿನ ಬೀಗವೂ ಸ್ಮಾರ್ಟೇ. ಬೆರಳಿಟ್ಟರೆ ತೆರೆಯುತ್ತದೆ, ತಾಯಿಯ ಬೆರಳಿಗೆ ಮಾತ್ರ ತೆರೆಯುವುದಿಲ್ಲ. ಐವತ್ತು ವರ್ಷ ಪಾತ್ರೆ ತಿಕ್ಕಿ, ಹುಣಿಸೆಹಣ್ಣು ಕಿವುಚಿದ ಬೆರಳಲ್ಲಿ ಗೆರೆ ಎಲ್ಲಿ ಉಳಿಯಬೇಕು? ಊರಿನ ರೇಷನ್ ಅಂಗಡಿಯಲ್ಲೂ ಥಂಬ್ ಕೊಡುವಾಗ ಅವರಿಗೆ ಇದೇ ಪಾಡು. ಆದರೆ ಅಂಗಡಿಯವನಿಗೆ ಅವರ ಮುಖ ಗೊತ್ತು. ಬೀಗಕ್ಕೆ ಗೊತ್ತಿಲ್ಲ. ಹಾಗಾಗಿ ಅದರ ಜೊತೆ ಬಂದ ಕಬ್ಬಿಣದ ಕೀಲಿಕೈ ತಾಯಿಯ ಸೆರಗಿನ ಗಂಟು ಸೇರಿದೆ. ಬೀಗದ ಬ್ಯಾಟರಿ ಮುಗಿದ ದಿನ ಯಜಮಾನರು ಆ ಸೆರಗಿನ ಹಿಂದೆ ನಿಂತೇ ಒಳಗೆ ಹೋದರು.

ರಾತ್ರಿಯ ಕಥೆ ಬೇರೆ. ಬೆಸ್ಕಾಂ ಕರೆಂಟು ಹೋಗುತ್ತದೆ, ಬರುತ್ತದೆ. ಬೇಸಿಗೆಯ ಮೊದಲ ಮಳೆಗಂತೂ ಹೋಗಲೇಬೇಕು. ಬಹುತೇಕ ಸ್ಮಾರ್ಟ್ ಬಲ್ಬುಗಳಿಗೆ ಕರೆಂಟು ಬಂದರೆ ಉರಿಯಬೇಕು ಎಂಬುದು ಕಾರ್ಖಾನೆಯಲ್ಲೇ ಕಲಿಸಿದ ಪಾಠ. ಆ್ಯಪಿನ ಮೂಲೆಯಲ್ಲೆಲ್ಲೋ ಇದನ್ನು ಬದಲಿಸುವ ಆಯ್ಕೆ ಇರುತ್ತದೆ, ಅಲ್ಲಿಯವರೆಗೆ ಯಾರೂ ಹೋಗುವುದಿಲ್ಲ. ಬೆಳಗಿನ ಜಾವ ಎರಡಕ್ಕೆ ಕರೆಂಟು ಬಂದಾಗ ಮಲಗುವ ಕೋಣೆ, ಅಡುಗೆಮನೆ, ಬಾಲ್ಕನಿ ಎಲ್ಲ ಕಡೆ ಒಮ್ಮೆಗೇ ಮದುವೆಮನೆಯ ಬೆಳಕು. ರೂಟರ್ ಇನ್ನೂ ಎದ್ದಿರುವುದಿಲ್ಲ, ಆದ್ದರಿಂದ ಆ್ಯಪಿಗೂ ಬಲ್ಬು ಸಿಗದು. ಆಗ ಆ್ಯಪ್ ಯಜಮಾನರು ಕತ್ತಲಿಲ್ಲದ ಮನೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು, ಸೆಲ್ಲೋಟೇಪು ಕೀಳುತ್ತ ಗೋಡೆಯಿಂದ ಗೋಡೆಗೆ ನಡೆಯುತ್ತಾರೆ.

ಉಳಿತಾಯದ ಮಾತೆತ್ತಿದರೆ ಅವರು ಗ್ರಾಫ್ ತೋರಿಸುತ್ತಾರೆ. ಲೆಕ್ಕ ಹಾಕೋಣ. ಆರಿಸಿದ ಮೇಲೂ ಸ್ಮಾರ್ಟ್ ಬಲ್ಬು ಆಜ್ಞೆಗೆ ಕಾಯುತ್ತ ಎಚ್ಚರವಾಗಿರಬೇಕು. ಅದಕ್ಕೆ ಅರ್ಧ ವ್ಯಾಟ್ ಎಂದಿಟ್ಟುಕೊಂಡರೂ ಇಪ್ಪತ್ತು ಬಲ್ಬಿಗೆ ಹತ್ತು ವ್ಯಾಟ್, ತಿಂಗಳಿಗೆ ಏಳು ಯೂನಿಟ್ಟಿನ ಮೇಲೆ. ಅಷ್ಟರಲ್ಲಿ ಒಂಬತ್ತು ವ್ಯಾಟಿನ ಸಾಮಾನ್ಯ ಎಲ್‌ಇಡಿ ಬಲ್ಬೊಂದು 800 ಗಂಟೆ ಉರಿಯಬಲ್ಲದು. ಹಾಸನದ ಮನೆಗೆ 2023ರ ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಯಿಂದ ಬಿಲ್ಲು ಸೊನ್ನೆ. ತಾಯಿ ಇದನ್ನು ಆಗಾಗ ನೆನಪಿಸುತ್ತಾರೆ, ಗ್ರಾಫ್ ಇಲ್ಲದೆಯೇ.

ಹೊರದೇಶಗಳಲ್ಲಿ ಯಜಮಾನರ ಅಣ್ಣಂದಿರು ಇನ್ನೂ ಮುಂದೆ ಹೋಗಿದ್ದಾರೆ. 2016ರಲ್ಲಿ ಅಮೆರಿಕದಲ್ಲಿ ಜ್ಯೂಸೆರೊ ಎಂಬ ಯಂತ್ರ 699 ಡಾಲರಿಗೆ ಬಂತು. ಹಣ್ಣು ತರಕಾರಿ ಹೆಚ್ಚಿ ತುಂಬಿದ ಪೊಟ್ಟಣವನ್ನು ಅದರೊಳಗಿಟ್ಟರೆ ಹಿಂಡಿ ರಸ ಕೊಡುತ್ತಿತ್ತು. ಮೊದಲು ಪೊಟ್ಟಣದ ಗುರುತು ಓದಬೇಕು, ಅದಕ್ಕೆ ವೈಫೈ ಬೇಕು. ಮರುವರ್ಷ ಬ್ಲೂಮ್‌ಬರ್ಗ್ ವರದಿಗಾರರು ಪೊಟ್ಟಣವನ್ನು ಕೈಯಲ್ಲೇ ಹಿಂಡಿ ನೋಡಿದರು. ರಸ ಹೆಚ್ಚುಕಡಿಮೆ ಅಷ್ಟೇ ಬಂತು. ಆ ವರ್ಷ ಮುಗಿಯುವ ಮೊದಲೇ ಕಂಪನಿ ಬಾಗಿಲು ಹಾಕಿತು.

2025ರ ಅಕ್ಟೋಬರ್ 20, ನಮ್ಮಲ್ಲಿ ನರಕ ಚತುರ್ದಶಿ. ಅಂದು ಅಮೆಜಾನಿನ ಕ್ಲೌಡ್ ಸೇವೆ ಅಮೆರಿಕದ ವರ್ಜೀನಿಯಾದಲ್ಲಿ ಮುಗ್ಗರಿಸಿತು. ಅಲೆಕ್ಸಾ ತೊದಲಿದಳು, ಬಾಗಿಲ ಕ್ಯಾಮೆರಾಗಳು ಕಣ್ಣುಮುಚ್ಚಿದವು. ಎಲ್ಲಕ್ಕಿಂತ ಹೆಚ್ಚು ಫಜೀತಿಯಾದದ್ದು ಎಯ್ಟ್ ಸ್ಲೀಪ್ ಹಾಸಿಗೆಯವರಿಗೆ. ಬಿಸಿ ತಂಪು ಹೊಂದಿಸಿಕೊಡುವ ಈ ಹಾಸಿಗೆಯ ಬೆಲೆ ಎರಡು ಸಾವಿರ ಡಾಲರಿಗೂ ಮೇಲೆ. ಸರ್ವರ್ ಸಿಗದೆ ಕೆಲವರ ಹಾಸಿಗೆ ಬಿಸಿಯಲ್ಲೇ ನಿಂತಿತು, ಕೆಲವರದು ತಲೆಯ ಕಡೆ ಎದ್ದದ್ದು ಇಳಿಯಲೇ ಇಲ್ಲ. ಇಂಟರ್‌ನೆಟ್ ಇಲ್ಲದೆಯೂ ಮಲಗುವ ವ್ಯವಸ್ಥೆಯನ್ನು ಕಂಪನಿ ಆಮೇಲೆ ಒದಗಿಸಿತು. ಯಜಮಾನರು ಈ ಸುದ್ದಿ ಓದಿ, “ನಮ್ಮದು ಬೇರೆ ಬ್ರ್ಯಾಂಡ್” ಎಂದು ಸಮಾಧಾನ ಹೇಳಿಕೊಂಡರು. ಬೇರೆ ಬ್ರ್ಯಾಂಡಿನ ಗತಿಯೂ ಗೊತ್ತಿರುವುದೇ: ರಿವಾಲ್ವ್ ಎಂಬ, ಮನೆಯ ಸಾಧನಗಳನ್ನೆಲ್ಲ ನಡೆಸುವ 300 ಡಾಲರಿನ ಡಬ್ಬಿಯ ಕಂಪನಿಯನ್ನು 2014ರಲ್ಲಿ ನೆಸ್ಟ್ ಎಂಬ ಇನ್ನೊಂದು ಕಂಪನಿ ಕೊಂಡುಕೊಂಡಿತು, 2016ರ ಮೇ ತಿಂಗಳಲ್ಲಿ ಸರ್ವರ್ ನಿಲ್ಲಿಸಿತು. ಡಬ್ಬಿ ಕೆಡಲಿಲ್ಲ, ಸತ್ತಿತು ಅಷ್ಟೆ. ಬೆಲ್ಕಿನ್ ಕಂಪನಿ ತನ್ನ ಹೆಚ್ಚಿನ ವೀಮೋ ಸ್ಮಾರ್ಟ್ ಸಾಧನಗಳ ಕ್ಲೌಡ್ ಸೇವೆಗೆ 2026ರ ಜನವರಿ 31ರ ಗಡುವು ಹಾಕಿತು. ತಾಯಿಯ ಹಳೆಯ ಸುಮೀತ್ ಮಿಕ್ಸಿಗೆ ಇಂಥ ಗಡುವು ಹಾಕಲು ಯಾರಿಗೂ ದಾರಿಯಿಲ್ಲ.

ಮೊನ್ನೆ ತುಮಕೂರಿನಲ್ಲಿ ನೆಂಟರ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಯಜಮಾನರ ಪಕ್ಕ ಅವರ ಷಡ್ಡಕ, ಅರಸೀಕೆರೆ ಕಡೆಯ ತೆಂಗಿನ ತೋಟದವರು. ಯಜಮಾನರು ಫೋನು ತೆಗೆದು ಬೆಂಗಳೂರಿನ ಮನೆಯ ಬಾಲ್ಕನಿ ದೀಪವನ್ನು ಹತ್ತಿಸಿ ಆರಿಸಿ ತೋರಿಸುತ್ತಿದ್ದಾಗ ಷಡ್ಡಕರ ಮಾಸಲು ಫೋನು ರಿಂಗಾಯಿತು. ಎತ್ತಿದರು, ಎಡಗೈಯಲ್ಲೇ ಒಂದು ಗುಂಡಿ ಒತ್ತಿದರು, ಜೇಬಿಗಿಟ್ಟು ಪಾಯಸಕ್ಕೆ ಕೈ ಹಾಕಿದರು.

“ಯಾರು ಭಾವ?”

“ಮೋಟ್ರು. ತ್ರೀ ಫೇಸ್ ಬಂತಂತೆ. ಸ್ಟಾರ್ಟ್ ಮಾಡ್ದೆ.”

ಬೋರ್‌ವೆಲ್ಲಿನ ಸ್ಟಾರ್ಟರ್ ಪಕ್ಕ ಸಿಮ್ ಹಾಕಿದ ಒಂದು ಡಬ್ಬಿ, ಅಷ್ಟೆ. ಪಂಪ್‌ಸೆಟ್ಟಿನ ಕರೆಂಟು ಪಾಳಿಯಲ್ಲಿ, ಹಲವು ಸಲ ಸರಿರಾತ್ರಿಯಲ್ಲಿ ಬರುತ್ತದೆ. ಮೊದಲಾದರೆ ಟಾರ್ಚು ಹಿಡಿದು, ಹಾವು ಹುಳಕ್ಕೆ ಹೆದರಿ, ಕೆಸರು ತುಳಿದು ತೋಟಕ್ಕೆ ಹೋಗಬೇಕಿತ್ತು. ಪುಣೆಯ ಸಂತೋಷ್ ಓಸ್ತ್ವಾಲ್ ‘ನ್ಯಾನೋ ಗಣೇಶ್’ ಎಂಬ ಮೊಬೈಲ್ ಸ್ಟಾರ್ಟರ್ ರೂಪಿಸಿದ್ದು ಇಂಥ ಓಡಾಟ ತಪ್ಪಿಸಲೆಂದೇ. ಈಗ ಹಲವು ಹೆಸರಿನಲ್ಲಿ ಊರೂರಿನ ಅಂಗಡಿಗಳಲ್ಲಿ ಸಿಗುತ್ತವೆ. ಷಡ್ಡಕರು ಅದನ್ನು ಸ್ಮಾರ್ಟ್ ಎಂದು ಕರೆದಿಲ್ಲ. ಫೋನಿನಲ್ಲಿ ‘ಕೆಳಗಿನ ತೋಟ’ ಎಂಬ ಹೆಸರಿನಲ್ಲಿ ನಂಬರ್ ಇದೆ, ಸಾಕು.

ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದರಲ್ಲಿ ಆ್ಯಪ್ ಇಲ್ವಾ ಭಾವ? ಅಪ್‌ಗ್ರೇಡ್ ಮಾಡ್ಕೊಳ್ಳಿ, ಗ್ರಾಫ್ ಎಲ್ಲ ಬರುತ್ತೆ” ಎಂದರು.

“ನೀರು ಬರ್ತಿದೆಯಲ್ಲಪ್ಪ” ಎಂದು ಷಡ್ಡಕರು ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡರು.

ಎಲೆ ಎತ್ತಿದ್ದೇ ತಡ, ಯಜಮಾನರು ಮನೆಯೊಡೆಯರನ್ನು ತಾಂಬೂಲದ ತಟ್ಟೆಯ ಬಳಿಯಿಂದ ಎಳೆದುಕೊಂಡು ಹೊಸ ಸ್ವಿಚ್‌ಬೋರ್ಡಿನ ಮುಂದೆ ನಿಲ್ಲಿಸಿದರು. “ಎಲ್ಲಾ ಬೋರ್ಡಿಗೂ ನ್ಯೂಟ್ರಲ್ ಎಳೆಸಿದ್ದೀರಾ? ಇಲ್ದಿದ್ರೆ ಸ್ಮಾರ್ಟ್ ಸ್ವಿಚ್ ಹಾಕೋಕಾಗಲ್ಲ. ಈಗ್ಲೇ ಗೋಡೆ ಒಡೆಸಿಬಿಡಿ, ಆಮೇಲೆ ಪೇಂಟು ಹಾಳಾಗುತ್ತೆ.” ಮನೆಯೊಡೆಯರು ಗಾಬರಿಯಿಂದ ಎಲೆಕ್ಟ್ರಿಷಿಯನ್ನನ್ನು ಹುಡುಕಿದರು. ಅವನೂ ಊಟಕ್ಕೆ ಬಂದಿದ್ದ. ‘ನ್ಯೂಟ್ರಲ್’ ಎಂಬ ಮಾತು ಕಿವಿಗೆ ಬಿದ್ದದ್ದೇ ಎಡಗೈಯಲ್ಲಿ ಬಾಳೆಹಣ್ಣು ಹಿಡಿದು, ಹಿತ್ತಲ ಬಾಗಿಲಿನಿಂದ ಹೊರಟು ಬೈಕು ಹತ್ತಿದ್ದನ್ನು ಅಡುಗೆಭಟ್ಟರು ನೋಡಿದರಂತೆ.