ಟ್ರಾಲಿಗೆ ತಕ್ಕ ಟ್ರ್ಯಾಕ್ಟರ್

ಟ್ರ್ಯಾಕ್ಟರಿನ ಟ್ರಾಲಿ ಎಂದರೆ ಸ್ವಂತ ಇಂಜಿನ್ ಇಲ್ಲದ, ಆದರೆ ಸ್ವಂತ ಗಾಲಿ, ಸ್ವಂತ ನಂಬರು ಮತ್ತು ಸ್ವಂತ ಹಟ ಇರುವ ಕಬ್ಬಿಣದ ತೊಟ್ಟಿ. ಕಲಬುರಗಿಯ ನೆಹರು ಗಂಜಿಗೆ ರಾಶಿಯ ಹಂಗಾಮಿನಲ್ಲಿ ತೊಗರಿ ಬರುವುದು ಇದರಲ್ಲಿ. ಎಳ್ಳಮಾವಾಸ್ಯೆಯ ದಿನ ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿಯ ಗಡಿಗೆ, ಅಜ್ಜಿ, ಮೊಮ್ಮಕ್ಕಳು ಸಮೇತ ಮನೆಗೆ ಮನೆಯೇ ಹೊಲಕ್ಕೆ ಹೋಗುವುದೂ ಇದರಲ್ಲೇ. ಹೋಳಿ ಮುಗಿದ ಮೇಲೆ ಶರಣಬಸವೇಶ್ವರರ ತೇರಿಗೆ ಬರುವುದೂ ಇದರಲ್ಲೇ. ಸರಕು ಸಾಗಿಸುವ ಗಾಡಿ, ಸಂಸಾರ ಸಾಗಿಸುವ ಗಾಡಿ ಎಂಬ ಎರಡು ಜಾತಿ ಇಲ್ಲಿ ಇಲ್ಲ; ನಡುವೆ ಒಂದು ತಾಡಪತ್ರಿ ಹಾಸಿದರೆ ಮೊದಲನೆಯದು ಎರಡನೆಯದಾಗುತ್ತದೆ.

ಅಮೆರಿಕದಲ್ಲಿ ಇದಕ್ಕೊಬ್ಬ ಸಿರಿವಂತ ದಾಯಾದಿ ಇದ್ದಾನೆ. ಟಾಯ್ ಹಾಲರ್ ಎಂದು ಹೆಸರು. ಅದರ ಹಿಂಭಾಗ ಗ್ಯಾರೇಜು. ಹಿಂದಿನ ಗೋಡೆಯನ್ನೇ ಕೆಳಕ್ಕೆ ಬಿಟ್ಟರೆ ಮೋಟಾರ್ ಸೈಕಲ್ ಹತ್ತಿಸುವ ಇಳಿಜಾರು. ಮುಂಭಾಗದಲ್ಲಿ ಅಡಿಗೆಮನೆ, ಹಾಸಿಗೆ, ಬಚ್ಚಲು, ಪಾಯಿಖಾನೆ. ಎಳೆಯುವುದು ಪಿಕಪ್ ಟ್ರಕ್ಕು. ಅಲ್ಲಿಯ ಗಂಡಹೆಂಡತಿ ಇದನ್ನು ಕೊಳ್ಳುವಾಗ ಮಾಡುವ ಜಗಳವೂ, ಕಮಲಾಪುರದ ಕಡೆಯ ಮನೆಯೊಂದು ಟ್ರಾಲಿ ಮಾಡಿಸುವಾಗ ಏಳುವ ಜಗಳವೂ ಮೂಲದಲ್ಲಿ ಒಂದೇ: ಯಾವುದನ್ನು ಮೊದಲು ಕೊಳ್ಳಬೇಕು, ಎಳೆಯುವುದನ್ನೋ, ಎಳೆಸಿಕೊಳ್ಳುವುದನ್ನೋ?

ಶಾಸ್ತ್ರದ ಪ್ರಕಾರ ಕ್ರಮ ಹೀಗಿದೆ. ಮೊದಲು ಹೇರು ಏನೆಂದು ಗೊತ್ತಾಗಬೇಕು. ಹೇರಿಗೆ ತಕ್ಕ ಟ್ರಾಲಿ, ಟ್ರಾಲಿಗೆ ತಕ್ಕ ಟ್ರ್ಯಾಕ್ಟರ್. ಮನೆಗಳಲ್ಲಿ ನಡೆಯುವುದು ಇದರ ತಿರುವುಮುರುವು. ಮೊದಲು ಟ್ರ್ಯಾಕ್ಟರ್ ಬರುತ್ತದೆ. ಅದರ ಆಯ್ಕೆ ಬಣ್ಣದಿಂದ. ಕೆಂಪಿನವರು ನೀಲಿಯವರ ಮನೆಯಲ್ಲಿ ಚಹಾ ಕುಡಿದಾರು, ನೀಲಿ ಟ್ರ್ಯಾಕ್ಟರನ್ನು ಮಾತ್ರ ಹೊಗಳಲಾರರು. ಆಮೇಲೆ ಮಡ್‌ಗಾರ್ಡಿನ ಮೇಲೆ ಡೆಕ್ಕು ಕೂಡುತ್ತದೆ. ಆಮೇಲೆ ಕೈಯಲ್ಲಿ ಉಳಿದ ರೊಕ್ಕದಲ್ಲಿ ಟ್ರಾಲಿ. ಹೇರಿನ ವಿಚಾರ ಕಡೆಗೆ ಬರುತ್ತದೆ, ಅದೂ ಹೇರು ಅರ್ಧ ತುಂಬಿದ ಮೇಲೆ.

ಹೇರಿನ ಲೆಕ್ಕ ಕಷ್ಟದ್ದೇನಲ್ಲ. ಹತ್ತಡಿ ಉದ್ದ, ಆರಡಿ ಅಗಲ, ಎರಡಡಿ ಎತ್ತರದ ಟ್ರಾಲಿಯ ಒಳಅಳತೆ 120 ಘನ ಅಡಿ. ತೊಗರಿ ಘನ ಅಡಿಗೆ ಸುಮಾರು 22 ಕಿಲೊ ತೂಗುತ್ತದೆ. ಅಂಚಿನ ಮಟ್ಟಕ್ಕೆ ತುಂಬಿದರೆ 2,640 ಕಿಲೊ, ಅಂದರೆ ಇಪ್ಪತ್ತಾರು ಕ್ವಿಂಟಲ್ ಚಿಲ್ಲರೆ. ಅದೇ ಟ್ರಾಲಿಗೆ ಮರಳು ತುಂಬಿದರೆ ಘನ ಅಡಿಗೆ 45 ಕಿಲೊದಂತೆ ಐದೂವರೆ ಟನ್ನಿನ ಹತ್ತಿರ. ಶಹಾಬಾದ್ ಕಲ್ಲನ್ನು ಸಂದಿ ಬಿಡದೆ ಅಂಚಿನವರೆಗೆ ಪೇರಿಸಿದರೆ ಎಂಟು ಟನ್ನು ದಾಟುತ್ತದೆ. ಇನ್ನು ತೊಗರಿಯ ಹೊಟ್ಟು; ಅದು ಎರಡಾಳು ಎತ್ತರಕ್ಕೆ ಏರಿ, ರಸ್ತೆಯ ಕರೆಂಟಿನ ತಂತಿಯನ್ನು ಮಾತಾಡಿಸಿಕೊಂಡು ಬಂದರೂ ತೂಕದಲ್ಲಿ ಬಡಪಾಯಿ. ಕಣ್ಣಿಗೆ ದೊಡ್ಡದಾಗಿ ಕಾಣುವ ಹೇರು ಹಗುರ, ಟ್ರಾಲಿಯ ತಳದಲ್ಲಿ ನಾಚಿ ಕೂತ ಹೇರು ಭಾರ. ಅಂದಾಜು ಕೆಡುವುದು ಇಲ್ಲಿಯೇ. ತೊಗರಿಗೆಂದು ಮಾಡಿಸಿದ ಟ್ರಾಲಿ ಮನೆ ಕಟ್ಟಿಸುವ ವರ್ಷ ಕಲ್ಲಿಗೆ ಹೋಗುತ್ತದೆ. ‘ಅಂಚಿಗಿಂತ ಕೆಳಗೇ ಅದ, ಏನಾಗತದ ನಡೀ ಅಣ್ಣಾ’ ಎಂದು ಹೊರಟ ಮೇಲೆ ಅಚ್ಚು ಬಾಗುತ್ತದೆ. ಆಗ ಬೈಸಿಕೊಳ್ಳುವವನು ಟ್ರಾಲಿ ಮಾಡಿಕೊಟ್ಟ ವೆಲ್ಡಿಂಗ್‌ನವನು.

ಟ್ರಾಲಿಯಲ್ಲಿ ಎರಡು ಬಗೆ. ನಾಲ್ಕು ಗಾಲಿಯದು ತನ್ನ ಭಾರವನ್ನೆಲ್ಲ ತಾನೇ ಹೊರುತ್ತದೆ. ಟ್ರ್ಯಾಕ್ಟರಿಗೆ ಎಳೆಯುವ ಕೆಲಸವಷ್ಟೆ. ಎರಡು ಗಾಲಿಯದು ಹಾಗಲ್ಲ. ಅದರ ಅಚ್ಚು ನಡುವಿಗಿಂತ ಸ್ವಲ್ಪ ಹಿಂದೆ ಇರುತ್ತದೆ, ಹೇರಿನ ಒಂದು ಪಾಲು ಮುಂದಿನ ಹುಕ್ಕಿನ ಮೇಲೆ ಕೂಡುತ್ತದೆ. ಈ ಪಾಲು ಇರಲೇಬೇಕು. ಟ್ರ್ಯಾಕ್ಟರಿನ ಹಿಂಗಾಲಿಗಳು ಎರೆ ಮಣ್ಣಿನಲ್ಲಿ ಹಿಡಿತ ಕಾಣುವುದು ಈ ಭಾರದಿಂದಲೇ. ಆದರೆ ಮಿತಿ ಮೀರಿದರೆ ಟ್ರ್ಯಾಕ್ಟರಿನ ಮೂತಿ ಮೇಲೇಳುತ್ತದೆ, ಮುಂಗಾಲಿ ನೆಲ ಬಿಡುತ್ತದೆ, ಸ್ಟೇರಿಂಗು ಎತ್ತ ತಿರುಗಿಸಿದರೂ ಗಾಡಿ ತನಗೆ ತೋಚಿದತ್ತ ನಡೆಯುತ್ತದೆ. ಇದಕ್ಕೆ ಕಂಪನಿಯವರು ಮುಂದುಗಡೆ ಎರಕದ ತೂಕಗಳನ್ನು ಕೂಡಿಸಲು ಜಾಗ ಕೊಟ್ಟಿರುತ್ತಾರೆ. ಊರಿನವರ ಪರಿಹಾರ ಬೇರೆ: ಬಂಪರಿನ ಮೇಲೆ ಇಬ್ಬರು ಅಳಿಯಂದಿರನ್ನು ಕೂಡಿಸುವುದು. ಎರಕದ ತೂಕಕ್ಕೆ ಊಟ ಹಾಕಬೇಕಿಲ್ಲ, ಬಿದ್ದರೆ ಬೀಗರಿಗೆ ಉತ್ತರ ಹೇಳಬೇಕಿಲ್ಲ. ಆದರೂ ಅಳಿಯಂದಿರಿಗೇ ಬೇಡಿಕೆ ಹೆಚ್ಚು.

ಬಂಡಿ ಹೊಡೆಯುತ್ತಿದ್ದ ಅಜ್ಜಂದಿರಿಗೆ ಈ ವಿದ್ಯೆ ಕರಗತವಾಗಿತ್ತು. ಹೇರು ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ, ಹಿಂಭಾರವಾದರೆ ನೊಗ ಮೇಲಕ್ಕೆದ್ದು ಕೊರಳ ಪಟ್ಟಿ ಬಿಗಿಯುತ್ತದೆ. ಅದಕ್ಕೇ ಅವರು ನೊಗವನ್ನು ಕೈಯಲ್ಲಿ ಎತ್ತಿ ನೋಡಿ, ಒಂದು ಚೀಲ ಆಚೆ, ಒಂದು ಚೀಲ ಈಚೆ ಸರಿಸಿಯೇ ಎತ್ತು ಹೂಡುತ್ತಿದ್ದರು. ಎತ್ತು ತನ್ನ ಕಷ್ಟವನ್ನು ನಡಿಗೆಯಲ್ಲೇ ತಿಳಿಸುತ್ತಿತ್ತು. ಡೀಸೆಲ್ಲಿಗೆ ಆ ಸಂಕೋಚವಿಲ್ಲ. ಅದು ಹೊಗೆ ಬಿಟ್ಟು ಎಳೆಯುತ್ತದೆ, ಪಿನ್ನು ಮುರಿಯುವವರೆಗೂ ಎಲ್ಲ ಸರಿಯಿದೆಯೆಂದೇ ತೋರುತ್ತದೆ.

ಟಾಯ್ ಹಾಲರಿನವರು ಇದೇ ಮುಂಭಾರವನ್ನು ಅಂಕಿಯಲ್ಲಿ ಇಟ್ಟಿದ್ದಾರೆ. ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಹುಕ್ಕಿನ ಮೇಲಿರಬೇಕು. ಹತ್ತಕ್ಕಿಂತ ಇಳಿದರೆ ಹೆದ್ದಾರಿಯಲ್ಲಿ ಟ್ರೇಲರು ಬಾಲ ಅಲ್ಲಾಡಿಸತೊಡಗುತ್ತದೆ, ಕೊನೆಗೆ ಬಾಲವೇ ನಾಯಿಯನ್ನು ಅಲ್ಲಾಡಿಸುತ್ತದೆ. ತಮಾಷೆಯೆಂದರೆ ಗ್ಯಾರೇಜು ಇರುವುದು ಅಚ್ಚಿನ ಹಿಂದೆ. ಮೋಟಾರ್ ಸೈಕಲ್ ಒಳಗೆ ಹತ್ತಿಸಿದರೆ ಹುಕ್ಕಿನ ಭಾರ ಕಡಿಮೆಯಾಗುತ್ತದೆ, ಇಳಿಸಿದರೆ ಹೆಚ್ಚಾಗುತ್ತದೆ. ಖಾಲಿ ಗಾಡಿ ಟ್ರಕ್ಕಿಗೆ ಹೆಚ್ಚು ಭಾರವಾಗುವ ಈ ವಿಚಿತ್ರವನ್ನು ನಂಬದವರು ಖಾಲಿ ತೂಕ ನೋಡಿ ಒಂದು ತಪ್ಪು, ತುಂಬಿದ ತೂಕ ನೋಡಿ ಇನ್ನೊಂದು ತಪ್ಪು ಮಾಡುತ್ತಾರೆ. ಎರಡೂ ಸಲ ಹುಕ್ಕನ್ನು ಬೇರೆ ಬೇರೆ ತೂಗಬೇಕು.

ಟ್ರಕ್ಕಿನ ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿರುವುದು ಎಷ್ಟು ಎಳೆಯುತ್ತದೆ ಎಂಬ ಅಂಕಿ. ಸೋಲುವುದು ಆ ಅಂಕಿಯಲ್ಲಲ್ಲ. ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಸಣ್ಣ ಚೀಟಿಯಲ್ಲಿ ಟ್ರಕ್ಕು ತನ್ನ ಮೈಮೇಲೆ ಎಷ್ಟು ಹೊರಬಲ್ಲದು ಎಂದು ಬರೆದಿರುತ್ತದೆ. ಹುಕ್ಕಿನ ಭಾರ, ಜನ, ಸಾಮಾನು ಎಲ್ಲ ಅದರೊಳಗೇ ಮುಗಿಯಬೇಕು. 4,500 ಕಿಲೊದ ಟ್ರೇಲರು ಎಂದಿಟ್ಟುಕೊಂಡರೆ, ನೂರಕ್ಕೆ ಹನ್ನೆರಡರಂತೆ 540 ಕಿಲೊ ಹುಕ್ಕಿನ ಮೇಲೆ. ಚೀಟಿಯಲ್ಲಿ 700 ಎಂದಿದ್ದರೆ ಉಳಿಯುವುದು 160. ಗಂಡಹೆಂಡತಿ ಕೂತರೆ ಲೆಕ್ಕ ಚುಕ್ತಾ. ಮಕ್ಕಳು, ನಾಯಿ, ಐಸಿನ ಡಬ್ಬಿ ಬೇರೆ ಬಸ್ಸು ಹಿಡಿಯಬೇಕು. ಇಷ್ಟೆಲ್ಲ ಆಗುವಾಗಲೂ ಆ ಟ್ರಕ್ಕು ‘ಎಳೆಯುವ’ ಲೆಕ್ಕದಲ್ಲಿ ಪಾಸಾಗಿಯೇ ಇರುತ್ತದೆ.

ಇಲ್ಲಿಯ ಶೋರೂಮಿನಲ್ಲೂ ಮೊದಲ ಪ್ರಶ್ನೆ ಅದೇ. ‘ಎಷ್ಟು ಜಗ್ಗತದರಿ?’ ಉತ್ತರವೂ ಸಿದ್ಧ: ‘ನೀವು ಎಷ್ಟು ಹಾಕ್ತೀರಿ ಅಷ್ಟು ಜಗ್ಗತದ ಕಾಕಾ.’ ಈ ಉತ್ತರ ಸುಳ್ಳಲ್ಲ. ಒಂದನೇ ಗೇರಿನಲ್ಲಿ ನಲವತ್ತೈದು ಎಚ್‌ಪಿ ಟ್ರ್ಯಾಕ್ಟರು ಏನನ್ನು ಬೇಕಾದರೂ ಕದಲಿಸೀತು. ಯಾರೂ ಕೇಳದ ಪ್ರಶ್ನೆ, ಅದು ಹೇಗೆ ನಿಲ್ಲುತ್ತದೆ ಎಂಬುದು. ಈ ಅಳತೆಯ ಟ್ರ್ಯಾಕ್ಟರು ಸುಮಾರು ಎರಡು ಟನ್ನು ತೂಗುತ್ತದೆ. ಹಿಂದೆ ಐದು ಟನ್ನಿನ ಟ್ರಾಲಿ, ಅದಕ್ಕೆ ಎಷ್ಟೋ ಸಲ ಬ್ರೇಕೇ ಇಲ್ಲ. ಏರಿನಲ್ಲಿ ಟ್ರ್ಯಾಕ್ಟರು ಟ್ರಾಲಿಯನ್ನು ಎಳೆದರೆ, ಇಳಿಜಾರಿನಲ್ಲಿ ಟ್ರಾಲಿ ಟ್ರ್ಯಾಕ್ಟರನ್ನು ನೂಕುತ್ತದೆ. ಡೀಸೆಲ್ ಉಳಿಸಲು ಗೇರು ತೆಗೆದು ನೂಟ್ರಲ್‌ನಲ್ಲಿ ಬಿಡುವವರು ಉಳಿಸುವುದು ಚಹಾದ ರೊಕ್ಕ. ಕಳೆಯುವುದು ಇಂಜಿನಿನ ತಡೆ, ಅಂದರೆ ಇದ್ದ ಒಂದು ಆಸರೆ. ಏರುವಾಗ ಬೇಕಾದ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಮಾತು ಇದಕ್ಕಾಗಿಯೇ ಹುಟ್ಟಿದ್ದು.

ಇನ್ನೊಂದು ಸಂಗತಿ ಕಾಲಬುಡದಲ್ಲೇ ಇರುತ್ತದೆ. ಟ್ರ್ಯಾಕ್ಟರಿಗೆ ಎಡಗಾಲಿಗೊಂದು, ಬಲಗಾಲಿಗೊಂದು ಬ್ರೇಕು. ಹೊಲದ ಬದುವಿನಲ್ಲಿ ಗಕ್ಕನೆ ತಿರುಗಲು ಅನುಕೂಲ. ರಸ್ತೆಗೆ ಬಂದಾಗ ಎರಡೂ ಪೆಡಲನ್ನು ಕೂಡಿಸುವ ಚಿಕ್ಕದೊಂದು ಪಟ್ಟಿ ಇದೆ. ಅದನ್ನು ಹಾಕದೆ ಹುಮನಾಬಾದ್ ರಸ್ತೆಗಿಳಿದು, ಮಹಾಗಾಂವ್ ಕ್ರಾಸಿನಲ್ಲಿ ಅಡ್ಡಬಂದ ಆಟೋಗೆ ಹೆದರಿ ಒಂದೇ ಪೆಡಲು ಒತ್ತಿದರೆ, ಟ್ರ್ಯಾಕ್ಟರು ತಾನಿನ್ನೂ ತೊಗರಿ ಹೊಲದಲ್ಲೇ ಇದ್ದೇನೆಂದು ತಿಳಿದು ಅಲ್ಲೇ ತಿರುಗುತ್ತದೆ. ಅಮೆರಿಕದಲ್ಲಿ ಬಹುತೇಕ ರಾಜ್ಯಗಳು ಒಂದು ತೂಕ ದಾಟಿದ ಟ್ರೇಲರಿಗೆ ಅದರದೇ ಬ್ರೇಕು ಕಡ್ಡಾಯ ಮಾಡಿವೆ. ಟ್ರಕ್ಕಿನ ಪೆಡಲು ಒತ್ತಿದರೆ ಕರೆಂಟು ಹರಿದು ಹಿಂದಿನ ಗಾಲಿಯೂ ಹಿಡಿಯುತ್ತದೆ. ಟ್ರಾಲಿ ಮಾಡಿಸುವವರು ಹಿಂದಿನ ಹಲಗೆಗೆ ದೇವರ ಹೆಸರು, ಮಕ್ಕಳ ಹೆಸರು ಬರೆಸುವ ಖರ್ಚಿನ ಜೊತೆಗೆ ಬ್ರೇಕಿನ ಖರ್ಚನ್ನೂ ಸೇರಿಸಿದರೆ ದೇವರ ಕೆಲಸ ಎಷ್ಟೋ ಹಗುರಾದೀತು.

ಹುಕ್ಕಿನ ಎತ್ತರವೂ ಗಮನಿಸುವಂಥದ್ದು. ಟ್ರಾಲಿಯ ಮೂಕಿ ಮೇಲೆ ಬಂತೆಂದು ಟ್ರ್ಯಾಕ್ಟರಿನಲ್ಲೂ ಎತ್ತರದ ತೂತು ಹುಡುಕಿ ಪಿನ್ನು ಹಾಕುವುದುಂಟು. ಎಳೆತ ಹಿಂದಿನ ಅಚ್ಚಿಗಿಂತ ಮೇಲಿದ್ದರೆ, ಕೆಸರಿನಲ್ಲಿ ಹೂತ ಟ್ರಾಲಿಯನ್ನು ಜಗ್ಗುವಾಗ ಟ್ರ್ಯಾಕ್ಟರು ಹಿಮ್ಮುಖವಾಗಿ ಮಗುಚಿ ಬೀಳಬಲ್ಲದು. ಹುಕ್ಕು ಕೆಳಗೇ ಇರಬೇಕು. ಇದರಲ್ಲಿ ನಗುವಂಥದ್ದು ಏನೂ ಇಲ್ಲ.

ತೂಕದ ವಿಷಯದಲ್ಲಿ ಗಂಜು ಒಂದು ವಿಶ್ವವಿದ್ಯಾಲಯ. ಹೇರು ತುಂಬಿದ ಗಾಡಿಯನ್ನು ವೇ ಬ್ರಿಜ್ಜಿನ ಮೇಲೆ ನಿಲ್ಲಿಸಿ ಒಂದು ಚೀಟಿ, ಮಾಲು ಇಳಿಸಿ ಬಂದ ಮೇಲೆ ಇನ್ನೊಂದು ಚೀಟಿ; ಕಳೆದರೆ ಮಾಲಿನ ತೂಕ. ಅಮೆರಿಕದವರು ಲಾರಿಗಳ ತಂಗುದಾಣದ ತೂಕದ ಕಟ್ಟೆಯ ಮೇಲೆ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಹುಕ್ಕಿನ ಭಾರ ತಿಳಿಯಲು ಇನ್ನೊಂದೇ ಹೆಜ್ಜೆ ಸಾಕು: ಟ್ರ್ಯಾಕ್ಟರನ್ನು ಒಂಟಿಯಾಗಿ ತೂಗಿ, ಆಮೇಲೆ ಟ್ರಾಲಿ ಜೋಡಿಸಿ, ಟ್ರಾಲಿಯ ಗಾಲಿಗಳು ಕಟ್ಟೆಯ ಹೊರಗೆ ಉಳಿಯುವಂತೆ ನಿಲ್ಲಿಸಿ ತೂಗಬೇಕು. ಎರಡರ ಅಂತರವೇ ಹುಕ್ಕಿನ ಮೇಲೆ ಕೂತ ಭಾರ. ಐದು ನಿಮಿಷದ ಕೆಲಸ. ಆದರೆ ಜನವರಿಯ ಸಾಲಿನಲ್ಲಿ ಹಿಂದೆ ನಿಂತ ನಲವತ್ತು ಟ್ರ್ಯಾಕ್ಟರುಗಳು ಆ ಐದು ನಿಮಿಷ ಕೊಡುವುದಿಲ್ಲ. ಕೊಡುವ ಬೈಗುಳ ತೂಗಲು ಬೇರೆ ವೇ ಬ್ರಿಜ್ಜು ಬೇಕಾದೀತು. ಹಂಗಾಮು ಮುಗಿದ ಮೇಲೆ, ಮಧ್ಯಾಹ್ನದ ಹೊತ್ತು ಹೋದರೆ ಆದೀತು.

ಕಾಗದಪತ್ರದ ಮಾತು ಚಿಕ್ಕದು. ಟ್ರಾಲಿಗೂ ಪ್ರತ್ಯೇಕ ನೋಂದಣಿ ಬೇಕು, ಹಿಂದೆ ಕೆಂಪು ರಿಫ್ಲೆಕ್ಟರ್ ಬೇಕು; ಪಂಚರಾಗಿ ರಾತ್ರಿ ರಸ್ತೆ ಬದಿಗೆ ನಿಂತ ಕರಿ ಟ್ರಾಲಿಯಂಥ ಅಪಾಯ ಇನ್ನೊಂದಿಲ್ಲ. ಮತ್ತು ಕಾನೂನಿನ ಪ್ರಕಾರ ಟ್ರಾಲಿಯಲ್ಲಿ ಪ್ರಯಾಣಿಕರನ್ನು ಕೂಡಿಸುವಂತಿಲ್ಲ. ಎಳ್ಳಮಾವಾಸ್ಯೆಯ ದಿನ ಈ ಕಾನೂನೂ ಅದೇ ಟ್ರಾಲಿಯಲ್ಲಿ ಕೂತು ಭಜ್ಜಿ ಉಣ್ಣಲು ಹೋಗುತ್ತದೆಂಬುದು ಬೇರೆ ಮಾತು. ಅಪಘಾತವಾದರೆ ಮಾತ್ರ ವಿಮೆಯವರಿಗೆ ಅದು ಒಂದಕ್ಷರ ಬಿಡದೆ ನೆನಪಾಗುತ್ತದೆ. ಟಾಯ್ ಹಾಲರಿನಲ್ಲಿ ಸೋಫಾ, ಹಾಸಿಗೆ ಎಲ್ಲ ಇದ್ದರೂ, ಚಲಿಸುವಾಗ ಒಳಗೆ ಕೂಡಲು ಅಲ್ಲಿಯ ಅನೇಕ ರಾಜ್ಯಗಳಲ್ಲಿ ಅನುಮತಿಯಿಲ್ಲ. ಅಜ್ಜಿಗೆ ಟ್ರಾಲಿಗಿಂತ ಬಸ್ಸೇ ವಾಸಿ, ಕಮಲಾಪುರದಿಂದ ಬಸ್ಸಿಗೇನೂ ಬರವಿಲ್ಲ.

ಆಯ್ಕೆಯ ಕಡೆಯ ಪರೀಕ್ಷೆ ರಿವರ್ಸು. ಎರಡು ಗಾಲಿಯ ಟ್ರಾಲಿಯನ್ನು ಹಿಂದಕ್ಕೆ ಬಲಕ್ಕೆ ಒಯ್ಯಬೇಕಾದರೆ ಸ್ಟೇರಿಂಗನ್ನು ಮೊದಲು ಎಡಕ್ಕೆ ತಿರುಗಿಸಬೇಕು. ಒಂದು ಹಂಗಾಮಿನಲ್ಲಿ ಇದು ಕೈಗೆ ಬರುತ್ತದೆ. ನಾಲ್ಕು ಗಾಲಿಯದಕ್ಕೆ ಹುಕ್ಕಿನಲ್ಲೊಂದು, ಮುಂದಿನ ಅಚ್ಚಿನಲ್ಲೊಂದು, ಹೀಗೆ ತಿರುಗುವ ಕೀಲು ಎರಡು. ಅದನ್ನು ಹಿಂದಕ್ಕೆ ನೇರ ನಡೆಸುವವನು ಸಿಕ್ಕರೆ ಅವನಿಗೆ ಕೇಳಿದಷ್ಟು ಸಂಬಳ ಕೊಟ್ಟು ಇಟ್ಟುಕೊಳ್ಳಬೇಕು. ಅಮೆರಿಕದ ಎಷ್ಟೋ ಕ್ಯಾಂಪಿನ ಜಾಗಗಳಲ್ಲಿ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬೀಳುವ ದಾರಿ ಮಾಡಿರುತ್ತಾರೆ, ರಿವರ್ಸಿನ ಗೊಡವೆಯೇ ಬೇಡ. ಗಂಜಿನ ಓಣಿಗಳಲ್ಲಿ ದಲಾಲಿ ಅಂಗಡಿಯ ಕಟ್ಟೆಗೆ ಟ್ರಾಲಿಯ ಬೆನ್ನು ಹಚ್ಚಲೇಬೇಕು. ಡ್ರೈವರ್ ಸ್ಟೇರಿಂಗು ಮುಟ್ಟಿದ ಕ್ಷಣ ಹಮಾಲರು, ಚಹಾದ ಹುಡುಗ, ಸಾವಕಾರರು, ಪಕ್ಕದ ಅಂಗಡಿಯ ಸಾವಕಾರರು ಎಲ್ಲ ಒಟ್ಟಿಗೆ ‘ಬರಲಿ, ಬರಲಿ, ಇನ್ನಾ ಬರಲಿ’ ಎನ್ನತೊಡಗುತ್ತಾರೆ. ‘ಸಾಕು’ ಎನ್ನುವುದು ಮಾತ್ರ ಕಟ್ಟೆಯ ಕಲ್ಲು. ಆದ್ದರಿಂದ ವರ್ಷಕ್ಕೆ ನಾಲ್ಕಾರು ಸಲ ಗಂಜಿಗೆ ಬರುವ ಮನೆಗೆ ಎರಡು ಗಾಲಿಯ, ಹೈಡ್ರಾಲಿಕ್ ಜಾಕಿನಿಂದ ಮಗುಚುವ, ಮೂರು ಟನ್ನು ಮೀರದ ಹೇರಿನ ಟ್ರಾಲಿ. ಅದಕ್ಕೆ ನಲವತ್ತೈದರ ಆಸುಪಾಸಿನ ಟ್ರ್ಯಾಕ್ಟರು. ಬಣ್ಣ ಮನೆಯವರ ಇಷ್ಟ.