ಮಾವಿನ ಮರದ ಏಕಾದಶಿ

ದೀಪಾವಳಿಯ ಪಟಾಕಿ ಕಸ ಗುಡಿಸಿ ಮುಗಿಯಿತೆಂದರೆ ನಮ್ಮ ಮನೆಯಲ್ಲಿ ಮರಗಳಿಗೆ ಕಷ್ಟ ಕೊಡುವ ಕಾಲ ಶುರು. ಮಳೆಗಾಲದಲ್ಲಿ ತೋಟಗಾರನಿಗೆ ಕೆಲಸವಿಲ್ಲ. ಎಲ್ಲವೂ ತಾನಾಗಿಯೇ ಬೆಳೆಯುತ್ತದೆ, ಬೇಡದ್ದು ಇನ್ನೂ ಚೆನ್ನಾಗಿ ಬೆಳೆಯುತ್ತದೆ. ಹಣ್ಣಿನ ಬೇಸಾಯವೆಂಬುದು ನಿಜವಾಗಿ ಇರುವುದು ಕಾರ್ತಿಕದಿಂದ ಪುಷ್ಯದವರೆಗೆ, ಅದರಲ್ಲೂ ಮುಕ್ಕಾಲು ಪಾಲು ಮರಕ್ಕೆ ನೀರು ತಪ್ಪಿಸುವುದು, ಕೊಂಬೆ ಕಡಿಯುವುದು, ಕೈಕಾಲು ಕಟ್ಟಿಹಾಕುವುದು. ಹೀಗೆಂದು ನಮ್ಮವರ ಮತ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಸಾಲಗಾರರು ಕೈಗೆ ಸಿಗುತ್ತಿಲ್ಲವಾಗಿ, ನಲವತ್ತು-ಅರವತ್ತರ ಸೈಟಿನಲ್ಲಿ ನಿಂತಿರುವ ಮರಗಳಿಂದಲೇ ವಸೂಲಿಗೆ ಇಳಿದಿದ್ದಾರೆ.

ಮರಗಳ ಪರ ವಕಾಲತ್ತು ನಮ್ಮ ಅತ್ತೆಯದು. ಅಕ್ಕಿ, ಬೇಳೆ ತೊಳೆದ ನೀರು ಮೋರಿಗೆ ಹೋದರೆ ಅನ್ನಪೂರ್ಣೆಗೆ ಅವಮಾನವೆಂದು ನಂಬಿದವರು. ಆ ನೀರೆಲ್ಲ ಬಾದಾಮಿ ಮಾವಿನ ಬುಡಕ್ಕೆ. ಬಾದಾಮಿಯೋ, ಮೊದಲೇ ವರ್ಷ ಬಿಟ್ಟು ವರ್ಷ ಕಾಯುವ ದೊಡ್ಡಸ್ತಿಕೆಯ ಜಾತಿ. ಅದು ಡಿಸೆಂಬರ್, ಜನವರಿಯಲ್ಲಿ ಹೂ ಬಿಡಬೇಕಾದರೆ ಮಳೆ ನಿಂತಂದಿನಿಂದ ಬುಡ ಒಣಗಿರಬೇಕು, ಗೊಬ್ಬರವನ್ನೂ ತೋರಿಸಬಾರದು. ಉಂಡುಟ್ಟು ಸುಖವಾಗಿರುವ ಮರ ಚಿಗುರಿಕೊಂಡು ಕೂರುತ್ತದೆ; ಮುಂದೇನು ಗತಿಯೋ ಎಂಬ ಭಯ ಹುಟ್ಟಿದ ಮರ ಹೂ ಬಿಡುತ್ತದೆ. ದೊಡ್ಡ ತೋಟದವರು ಈ ಭಯವನ್ನೇ ಬಾಟಲಿಯಲ್ಲಿ ಕೊಂಡು ತರುತ್ತಾರೆ. ಪ್ಯಾಕ್ಲೋಬ್ಯುಟ್ರಜಾಲ್ ಎಂದು ಅದರ ಹೆಸರು, ಬುಡಕ್ಕೆ ಸುರಿದರೆ ಮರದ ಚಿಗುರುವ ಚಪಲ ಅಡಗುತ್ತದೆ. ನಮ್ಮವರದು ಗಾಂಧೀ ಮಾರ್ಗ, ಉಪವಾಸವೊಂದೇ. ವ್ಯತ್ಯಾಸವಿಷ್ಟೆ: ಉಪವಾಸ ಮಾಡುವುದು ಮರ.

“ಅಮ್ಮಾ, ಮಾವಿಗೆ ನೀರು ಹಾಕ್ಬೇಡ. ಅದಕ್ಕೆ ಏಕಾದಶಿ ಅಂದ್ಕೊ.”

“ಏಕಾದಶಿ ಅಂದ್ರೆ ಒಂದು ದಿನ ಕಣೋ. ಮಾರನೇ ದಿನ ಪಾರಣೆ ಇರುತ್ತೆ. ಎರಡು ತಿಂಗಳು ಉಪವಾಸ ಕೆಡವೋದು ಯಾವ ಪಂಚಾಂಗದಲ್ಲಿದೆ?”

“ಕಾಯಿ ಕಡಲೆಕಾಳಿನಷ್ಟಾದಮೇಲೆ ಎಷ್ಟು ಬೇಕಾದ್ರೂ ಹಾಕು.”

“ಹೊಟ್ಟೆಗೆ ಹಾಕದೆ ಬಸಿರಾಗು ಅಂದ್ರೆ ಎಲ್ಲಿಂದ ಆಗುತ್ತೋ?”

ನಿವೃತ್ತ ಮ್ಯಾನೇಜರರ ಬಳಿ ಇದಕ್ಕೆ ಸುತ್ತೋಲೆ ಇರಲಿಲ್ಲ. ಅಂದಿನಿಂದ ಅಕ್ಕಿ ತೊಳೆಯುವ ಹೊತ್ತಿಗೆ ಅವರು ಹಿತ್ತಲಲ್ಲಿ ಪೇಪರ್ ಓದುತ್ತ ಕಾವಲು ಕೂರುತ್ತಾರೆ. ಅತ್ತೆ ಅಕ್ಕಿ ತೊಳೆಯುವ ಹೊತ್ತನ್ನೇ ಬದಲಾಯಿಸಿಕೊಂಡಿದ್ದಾರೆ. ಎರಡೂ ಕಡೆಯ ಗುಟ್ಟು ಬಲ್ಲವಳು ನಾನು, ಸುಮ್ಮನಿದ್ದೇನೆ.

ಸೀಬೆಗೆ ಉಪವಾಸವಲ್ಲ, ಸೆರೆ. ನೆಟ್ಟಗೆ ಮೇಲೇರುವ ಕೊಂಬೆಗಳನ್ನು ಬಿಲ್ಲಿನಂತೆ ಬಗ್ಗಿಸಿ, ತುದಿಯ ಎಲೆಗಳಷ್ಟನ್ನು ಬಿಟ್ಟು ಉಳಿದ ಎಲೆ ತರಿದು, ಹಗ್ಗದಿಂದ ನೆಲದ ಗೂಟಕ್ಕೆ ಕಟ್ಟಬೇಕು. ಕೊಂಬೆ ನೆಟ್ಟಗಿರುವಾಗ ತುದಿಯ ಮೊಗ್ಗು ತಾನೊಬ್ಬನೇ ಬೆಳೆಯಬೇಕೆಂದು ಒಂದು ರಸವನ್ನು ಕೆಳಗೆ ಹರಿಸಿ, ಕೆಳಗಿನ ಮೊಗ್ಗುಗಳನ್ನೆಲ್ಲ ಅದುಮಿಟ್ಟಿರುತ್ತದೆ. ತುದಿ ಬಾಗಿತೋ, ಆ ದರ್ಬಾರು ಮುಗಿಯಿತು. ಉದ್ದಕ್ಕೂ ಮಲಗಿದ್ದ ಕಣ್ಣುಗಳೆಲ್ಲ ಒಟ್ಟಿಗೆ ತೆರೆದು ಚಿಗುರು, ಚಿಗುರಿನಲ್ಲೇ ಹೂ. ಬ್ರಾಂಚಿನಲ್ಲಿ ಮ್ಯಾನೇಜರು ರಜ ಹಾಕಿದ ದಿನ ಏನಾಗುತ್ತಿತ್ತೆಂದು ಬಲ್ಲ ನಮ್ಮವರು ಈ ವಿಜ್ಞಾನವನ್ನು ಮರುಮಾತಿಲ್ಲದೆ ಒಪ್ಪಿದರು. ಹಗ್ಗ ಯಾವುದೆಂದು ಕೇಳಬೇಡಿ. ನಮ್ಮ ಮನೆಯಲ್ಲಿ ಈಗ ಬಟ್ಟೆ ಒಣಗುವುದು ಕುರ್ಚಿಗಳ ಬೆನ್ನಿನ ಮೇಲೆ.

ಕಡಿದ ಗಾಯಗಳಿಗೆ ಬೋರ್ಡೋ ಮುಲಾಮು ಆಗಬೇಕು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಹತ್ತು ಲೀಟರ್ ನೀರು. ಹದವಾಯಿತೇ ಎಂದು ನೋಡಲು ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದಬೇಕು. ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು. ಮನೆಯಲ್ಲಿ ಕಬ್ಬಿಣದ ಚಾಕು ಇರುವುದು ಒಂದೇ, ಅದು ನನ್ನದು. ಮಧ್ಯಾಹ್ನ ಹುಳಿಗೆ ಹುರುಳಿಕಾಯಿ ಹೆಚ್ಚಲು ಹೋದರೆ ಚಾಕು ಥಳಥಳ ಕೆಂಪು. “ಕಲಾಯಿಯೋನು ಬಂದಿದ್ನೇನೇ?” ಎಂದರು ಅತ್ತೆ.

ಈ ಮುಲಾಮಿಗೊಂದು ಸ್ವಾರಸ್ಯವಾದ ಹಿನ್ನೆಲೆಯಿದೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರಂತೆ, ವಿಷದಂತೆ ಕಾಣಲೆಂದು. ಮಿಲ್ಲಾರ್ದೆ ಎಂಬ ಸಸ್ಯವಿಜ್ಞಾನಿ ನೋಡಿದರೆ ಆ ಬಳ್ಳಿಗಳಿಗಷ್ಟೇ ರೋಗವಿಲ್ಲ! ಪರೀಕ್ಷೆ ಮಾಡಿ 1885ರಲ್ಲಿ ಲೋಕಕ್ಕೆ ಸಾರಿದ. ಮುಂದೆ ಮೈಸೂರು ಸಂಸ್ಥಾನಕ್ಕೆ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನು ಅಡಿಕೆಯ ಕೊಳೆರೋಗಕ್ಕೆ ಮದ್ದಾಗಿ ಮಲೆನಾಡಿಗೆ ಕಲಿಸಿದರು. ಕಳ್ಳರ ಭಯದಿಂದ ಹುಟ್ಟಿದ ಔಷಧಿ ಎಂದು ತಿಳಿದಮೇಲೆ ನಮ್ಮವರು ಗಾಯಕ್ಕೆ ಹಚ್ಚಿ ಉಳಿದದ್ದನ್ನು ಸೀಬೆ ಕಾಂಡಕ್ಕೆಲ್ಲ ಧಾರಾಳವಾಗಿ ಬಳಿದರು. ನಮ್ಮ ಬೀದಿಯ ಹುಡುಗರು ಫ್ರಾನ್ಸಿನವರಲ್ಲ. ನೀಲಿ ಕಾಂಡ ದೂರಕ್ಕೆ ಚೆನ್ನಾಗಿ ಕಾಣುತ್ತದೆಂದು ಅದನ್ನೇ ವಿಕೆಟ್ ಮಾಡಿಕೊಂಡರು.

ಬೆಟ್ಟದ ನೆಲ್ಲಿಯ ಚಿಂತೆ ನಮಗಿಲ್ಲ. ಉತ್ಥಾನ ದ್ವಾದಶಿಯ ದಿನ ತುಳಸಿಯ ಪಕ್ಕ ನೆಡಲು ಕೊಂಬೆ ಬೇಕೆಂದು ಬೀದಿಗೆ ಬೀದಿಯೇ ಬಂದು ಪುಗಸಟ್ಟೆ ಪ್ರೂನಿಂಗ್ ಮಾಡಿಕೊಟ್ಟು ಹೋಗುತ್ತದೆ.

ಕಾಯಿ ಬಿಡದ ಹಲಸಿಗೆ ಮಾತ್ರ ಅತ್ತೆಯೇ ಶಿಕ್ಷೆ ವಿಧಿಸಿದರು. ಮೊದಲು ಹಳೇ ಪೊರಕೆ, ಹರಿದ ಚಪ್ಪಲಿ ಕಟ್ಟಿಸಿದರು. ಅದಕ್ಕೂ ಜಗ್ಗದಿದ್ದಾಗ ಮಗನ ಕೈಗೆ ಮಚ್ಚು ಕೊಟ್ಟು, “ಕಡೀತೀನಿ ಅಂತ ಹೆದರಿಸು, ನಾನು ಬೇಡ ಅಂತೀನಿ” ಎಂದರು. ಇದು ಮೂಢನಂಬಿಕೆ ಎಂದು ನಗುವ ಹಾಗಿಲ್ಲ. ಜಪಾನಿನ ಹಳ್ಳಿಗಳಲ್ಲಿ ಸರಿಯಾಗಿ ನಮ್ಮ ಸಂಕ್ರಾಂತಿಯ ಹೊತ್ತಿಗೆ, ಜನವರಿ 15ರ ಸುಮಾರಿಗೆ, ಪರ್ಸಿಮನ್ ಮರದೆದುರು ಇದೇ ನಾಟಕ ಆಡುವ ಸಂಪ್ರದಾಯವಿದೆ: ಒಬ್ಬ ಕೊಡಲಿ ಎತ್ತಿ “ಬಿಡ್ತೀಯೋ ಇಲ್ವೋ?” ಎನ್ನುತ್ತಾನೆ, ಇನ್ನೊಬ್ಬ ಮರದ ಪರವಾಗಿ “ಬಿಡ್ತೀನಿ, ಬಿಡ್ತೀನಿ” ಎನ್ನುತ್ತಾನೆ. ವಸೂಲಿಯ ಪೂರ್ವಾನುಭವದಿಂದಾಗಿ ನಮ್ಮವರ ಅಭಿನಯ ಎಷ್ಟು ನೈಜವಾಗಿತ್ತೆಂದರೆ ಪಕ್ಕದ ಮನೆಯ ರಾಯರು ಕಾಂಪೌಂಡಿನ ಮೇಲೆ ತಲೆಯಿಟ್ಟು, “ಮರ ಕಡಿಯೋಕೆ ಪರ್ಮಿಷನ್ ತಗೊಂಡಿದ್ದೀರಾ?” ಎಂದು ಕೇಳಿದರು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ನಮ್ಮವರು ಸೇಬು ಗಿಡ ತಂದರು. ಸಾಮಾನ್ಯ ಸೇಬಿಗೆ ಏಳು ಡಿಗ್ರಿಗಿಂತ ಕೆಳಗಿನ ಚಳಿ ಸಾವಿರ ಗಂಟೆಯ ಹತ್ತಿರ ಬೇಕು. ಬೆಂಗಳೂರು ದಾಖಲೆಯಲ್ಲಿ ಅತಿ ಹೆಚ್ಚು ನಡುಗಿದ್ದು 1884ರ ಜನವರಿ 13ರಂದು, ಅದೂ 7.8 ಡಿಗ್ರಿಗೆ. ಅಂದರೆ ಸೇಬಿನ ಲೆಕ್ಕದಲ್ಲಿ ಈ ಊರಿಗೆ ಚಳಿಗಾಲ ಇನ್ನೂ ಬಂದೇ ಇಲ್ಲ. ನಮ್ಮವರು ತಂದದ್ದು ಹಿಮಾಚಲದ ಬಿಲಾಸ್‌ಪುರದ ರೈತ ಹರಿಮನ್ ಶರ್ಮಾ ಬೆಳೆಸಿದ ಎಚ್‌ಆರ್‌ಎಂಎನ್-99 ತಳಿ. ಬಿಸಿಲ ಸೀಮೆಗೂ ಒಗ್ಗುವಂಥದು, ಅದಕ್ಕಾಗಿ ಅವರಿಗೆ ಪದ್ಮಶ್ರೀಯೂ ಬಂದಿದೆ. ಹಾಗಿದ್ದರೂ ನಮ್ಮವರಿಗೆ ಸಮಾಧಾನವಿಲ್ಲ. ಜಾವಾ ದ್ವೀಪದ ಬಾತು ಎಂಬಲ್ಲಿ ಚಳಿಯಿಲ್ಲದ್ದಕ್ಕೆ ಸೇಬಿನ ಎಲೆಗಳನ್ನೆಲ್ಲ ಕೈಯಲ್ಲೇ ಕಿತ್ತು, ಚಳಿಗಾಲ ಬಂದುಹೋಯಿತೆಂದು ಮರವನ್ನು ನಂಬಿಸಿ ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆಂದು ಎಲ್ಲೋ ಓದಿದರು. ಮಾರನೇ ದಿನವೇ ಮೋಡಾ ಹಾಕಿಕೊಂಡು ಕೂತು, ಕರಿಬೇವು ಬಿಡಿಸಿದ ಹಾಗೆ ಗಿಡವನ್ನು ಬೋಳು ಮಾಡಿದರು.

ಸಂಜೆ ತುಳಸಿಗೆ ದೀಪ ಇಡಲು ಹೋದ ಅತ್ತೆ ಅದನ್ನು ಕಂಡರು. “ಧನುರ್ಮಾಸದ ಚಳೀಲಿ ಮಗೂನ ಬೋಳಿಸಿ ನಿಲ್ಸಿದ್ದಾನಲ್ಲೇ!” ಎಂದು ನನ್ನ ಮೇಲೆ ರೇಗಿದರು.

ಮರುದಿನ ಬೆಳಗ್ಗೆ ವಾಕಿಂಗಿಗೆ ಹೊರಟ ನಮ್ಮವರು ಮಫ್ಲರಿಗಾಗಿ ಬೀರು, ಗೂಟ, ಮಂಚದ ಕೆಳಗೆಲ್ಲ ಹುಡುಕಿದರು. ಅದು ಸೇಬಿನ ಕತ್ತಿಗೆ ಮೂರು ಸುತ್ತು ಸುತ್ತಿ, ಬಿಗಿಯಾಗಿ ಗಂಟು ಹಾಕಿಸಿಕೊಂಡು ನಿಂತಿತ್ತು. ಬಿಚ್ಚಲು ಕೈ ಹಾಕಿದರೋ ಇಲ್ಲವೋ, ದೇವರ ಮನೆಯ ಕಿಟಕಿಯಿಂದ ಗಂಟೆ ನಿಂತು, “ಮುಟ್ಬೇಡ!” ಎಂದು ಕೇಳಿಸಿತು. ನಮ್ಮವರು ಕಿವಿಗೆ ಕರ್ಚೀಫು ಕಟ್ಟಿಕೊಂಡು ವಾಕಿಂಗ್ ಹೋದರು. ಪಾಪ, ಸೀನುತ್ತ ಬಂದವರಿಗೆ ಕಷಾಯ ಕಾಯಿಸಿ, ಮಿಕ್ಕ ಬಿಸಿನೀರು ಆರಿದ ಮೇಲೆ ಅತ್ತೆ ಅದನ್ನು ಎಲ್ಲಿಗೆ ಸುರಿದರೆಂದು ನಾನು ಹೇಳುವುದಿಲ್ಲ.