ಸರ್ವರ್ ಮೀಮಾಂಸೆ: ಬಾಡಿಗೆಯಂತ್ರಾಧಿಕರಣಕ್ಕೊಂದು ಕಿರುಭಾಷ್ಯ

ಹವ್ಯಾಸಿ ನಾಟಕ ತಂಡವೊಂದು ಆನ್‌ಲೈನಿನಲ್ಲಿ ಟಿಕೆಟ್ ಮಾರಲು ಸರ್ವರ್ ಬಾಡಿಗೆಗೆ ಹಿಡಿಯಬೇಕು ಎಂಬುದು ವಿಷಯ. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುವ ವಿಪಿಎಸ್ ಸಾಕೇ, ಇಡೀ ಯಂತ್ರವೇ ನಮ್ಮದಾಗುವ ಡೆಡಿಕೇಟೆಡ್ ಬೇಕೇ ಎಂಬುದು ಸಂಶಯ. ತಂಡದಲ್ಲಿ ಉತ್ತರ ಗೊತ್ತಿಲ್ಲದವರು ಒಬ್ಬರೂ ಇಲ್ಲವಾದ್ದರಿಂದ ಪೂರ್ವಪಕ್ಷಕ್ಕೂ ಬರವಿಲ್ಲ. ಹೀಗೆ ಅಧಿಕರಣದ ಐದು ಅಂಗಗಳಲ್ಲಿ ಮೂರು ಮೊದಲ ಸುತ್ತಿನ ಕಾಫಿಗೆ ಮುಂಚೆಯೇ ಸಿದ್ಧಿಸಿದವು. ಸಿದ್ಧಾಂತ, ಸಂಗತಿ ಎಂಬ ಉಳಿದೆರಡಕ್ಕಾಗಿ ಈ ಭಾಷ್ಯ.

ಮೊದಲು ಸಂಪ್ರದಾಯ. ಒಂದೇ ಯಂತ್ರವನ್ನು ಹಲವಾಗಿ ತೋರಿಸುವ ಮಾಯಾವಿದ್ಯೆ ಮೊನ್ನೆ ಮೊನ್ನೆಯದೆಂದು ಭಾವಿಸುವವರು ಅರ್ವಾಚೀನರು. 1960ರ ದಶಕದಲ್ಲೇ ಐಬಿಎಂನ ಕೇಂಬ್ರಿಡ್ಜ್ ಕೇಂದ್ರದವರು ಸಿಪಿ-40 ಎಂಬ ವ್ಯವಸ್ಥೆಯಲ್ಲಿ ಇದನ್ನು ಮಾಡಿ ತೋರಿಸಿದ್ದರು. 1972ರಲ್ಲಿ ಅದರ ವಂಶದ ವಿಎಂ/370 ಗಿರಾಕಿಗಳಿಗೂ ಬಂತು. 2003ರಲ್ಲಿ ಸಾಮಾನ್ಯ ಪಿಸಿಯ ಚಿಪ್ಪುಗಳಿಗೆ ಝೆನ್ ಎಂಬ ಹೈಪರ್‌ವೈಸರ್ ಬಂದದ್ದೂ ಕೇಂಬ್ರಿಡ್ಜಿನಿಂದಲೇ. ಆದಕಾರಣ ಗುರುಪರಂಪರೆ ಒಂದೇ ಎಂದು ಸಾಧಿಸಹೊರಟರೆ, ಮೊದಲ ಕೇಂಬ್ರಿಡ್ಜ್ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿಯೂ ಎರಡನೆಯದು ಇಂಗ್ಲೆಂಡಿನಲ್ಲಿಯೂ ಇರುವುದು ಕೊಂಚ ಬಾಧಕ. ಪಿಎಚ್‌ಡಿಗೆ ವಿಷಯ ಸಿಗದವರು ಇಲ್ಲಿ ನಿಂತು ಯೋಚಿಸಬಹುದು. ನಾವು ಮುಂದೆ ಹೋಗೋಣ.

ಈ ವಿದ್ಯೆಗೆ ಲಕ್ಷಣ ಬರೆದವರು ಪೋಪೆಕ್ ಮತ್ತು ಗೋಲ್ಡ್‌ಬರ್ಗ್, 1974ರಲ್ಲಿ. ಒಳಗಿನ ಪ್ರೋಗ್ರಾಮು ನಿಜಯಂತ್ರದ ಮೇಲೆ ಹೇಗೋ ಹಾಗೆಯೇ ನಡೆಯಬೇಕು. ಅದರ ಬಹುಪಾಲು ಆದೇಶಗಳು ನೇರವಾಗಿ ಯಂತ್ರದ ಮೇಲೇ ಓಡಬೇಕು. ಸಂಪನ್ಮೂಲಗಳ ಬೀಗದ ಕೈ ಮಾತ್ರ ಮೇಲ್ವಿಚಾರಕ ಪ್ರೋಗ್ರಾಮಾದ ಹೈಪರ್‌ವೈಸರಿನ ಸೊಂಟದಲ್ಲಿರಬೇಕು. ಇದೇ ಲಕ್ಷಣತ್ರಯ. ಆ ಬೀಗದ ಕೈಯನ್ನು ಇಟ್ಟುಕೊಂಡ ಕಂಪನಿಗೆ ಮನಸ್ಸಾಕ್ಷಿ ಇರಬೇಕೆಂದು ಮಾತ್ರ ಆಚಾರ್ಯದ್ವಯರು ಎಲ್ಲಿಯೂ ವಿಧಿಸಲಿಲ್ಲ. ಇದ್ದ ಕೋರುಗಳಿಗಿಂತ ಹೆಚ್ಚು ಕೋರುಗಳನ್ನು ಮಾರುವ ಓವರ್‌ಸೆಲ್ಲಿಂಗ್ ಎಂಬ ಶಾಖೆ ಈ ಮೌನವನ್ನೇ ಪ್ರಮಾಣವಾಗಿ ಹಿಡಿದು ಬೆಳೆಯಿತು.

ಈಗ ಅಖಂಡವಾದಿಗಳು, ಅಂದರೆ ಡೆಡಿಕೇಟೆಡ್ ಪಕ್ಷದವರು. ಇವರ ಮುಖ್ಯಾಸ್ತ್ರ ಅರ್ಥಾಪತ್ತಿ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆ, ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂದು ಮೀಮಾಂಸಕರು ಊಹಿಸಿದರಷ್ಟೆ? ಇವರು ಅದನ್ನೇ ಮಗುಚುತ್ತಾರೆ: ನನ್ನ ವಿಪಿಎಸ್ ಹಗಲಿರುಳು ದುಡಿದರೂ ಕೆಲಸ ಸಾಗುತ್ತಿಲ್ಲ, ಆದ್ದರಿಂದ ಅದರ ಪಾಲನ್ನು ಇನ್ನೊಬ್ಬ ದೇವದತ್ತ ಉಣ್ಣುತ್ತಿದ್ದಾನೆ. ಈ ಊಹೆಗೆ ಪ್ರತ್ಯಕ್ಷದ ಬೆಂಬಲವೂ ಉಂಟು. ಲಿನಕ್ಸ್‌ನಲ್ಲಿ ಟಾಪ್ ಎಂದು ಟೈಪಿಸಿದರೆ ಸಿಪಿಯು ಸಾಲಿನ ತುದಿಯಲ್ಲಿ ‘ಎಸ್‌ಟಿ’ ಎಂಬ ಅಂಕಿ ಕಾಣುತ್ತದೆ. ನಮ್ಮ ಯಂತ್ರ ಓಡಲು ಸಿದ್ಧವಾಗಿದ್ದರೂ ಹೈಪರ್‌ವೈಸರ್ ಸಿಪಿಯುವನ್ನು ಬೇರೆಯವರಿಗೆ ಕೊಟ್ಟಿದ್ದ ಹೊತ್ತಿನ ಲೆಕ್ಕ ಅದು. ಹೆಸರೇ ಸ್ಟೀಲ್ ಟೈಮ್. ಕದ್ದದ್ದರ ಲೆಕ್ಕವನ್ನು ಕಳಕೊಂಡವನ ಮನೆಯಲ್ಲೇ ಬರೆದಿಡುವಷ್ಟು ಪ್ರಾಮಾಣಿಕತೆಯನ್ನು ಬೇರಾವ ಶಾಸ್ತ್ರದಲ್ಲೂ ಕಾಣೆ. ಜೊತೆಗೆ ಎರಡು ವಿಸಿಪಿಯು ಎಂದು ಕೊಟ್ಟದ್ದು ಎಷ್ಟೋ ಕಡೆ ಎರಡು ಕೋರ್ ಅಲ್ಲ, ಒಂದೇ ಕೋರಿನ ಎರಡು ಥ್ರೆಡ್. ಸಾಲದ್ದಕ್ಕೆ 2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ದೋಷಗಳು ಬಯಲಾದಾಗ ಗೋಡೆಗೂ ಕಿವಿಯುಂಟೆಂಬ ಗಾದೆ ಪ್ರೊಸೆಸರ್‌ಗಳಿಗೂ ಅನ್ವಯಿಸಿತು.

ಖಂಡವಾದಿಗಳ, ಅಂದರೆ ವಿಪಿಎಸ್ ಪಕ್ಷದವರ ಉತ್ತರ ಚಿಕ್ಕದು, ಆದರೆ ಚುಚ್ಚುವಂಥದು. ಬುಕಿಂಗ್ ತೆರೆದ ಮೊದಲ ಗಂಟೆ ನೂಕುನುಗ್ಗಲು, ಉಳಿದ ತಿಂಗಳೆಲ್ಲ ನೊಣ ಹೊಡೆಯುವ ಕೆಲಸ. ವಿಪಿಎಸ್ ಆದರೆ ಆ ವಾರದ ಮಟ್ಟಿಗೆ ರ‍್ಯಾಮು, ಸಿಪಿಯು ಹಿಗ್ಗಿಸಿ, ಒಮ್ಮೆ ರೀಬೂಟ್ ಮಾಡಿ, ಆಮೇಲೆ ಇಳಿಸಬಹುದು. (ಡಿಸ್ಕನ್ನು ಹಿಗ್ಗಿಸಬೇಡಿ, ಹಿಗ್ಗಿದ ಡಿಸ್ಕು ಸುಲಭಕ್ಕೆ ಕುಗ್ಗುವುದಿಲ್ಲ.) ಅಖಂಡ ಯಂತ್ರ ಸಾಲದೆ ಹೋದರೆ ಇನ್ನೊಂದು ಅಖಂಡ ಯಂತ್ರ ಹಿಡಿದು ಸಾಮಾನು ಸಾಗಿಸಬೇಕು. ಅದರ ಡಿಸ್ಕು ನಡುರಾತ್ರಿ ಸತ್ತರೆ, ರೇಡ್-1 ಹಾಕಿಸಿದ್ದವನು ಜೋಡಿ ಡಿಸ್ಕಿನ ಮೇಲೆ ಭಾರ ಹಾಕಿ, ಡೇಟಾ ಸೆಂಟರಿನವರು ಬಂದು ಬದಲಿಸುವವರೆಗೆ ಎಚ್ಚರವಾಗಿರುತ್ತಾನೆ. ಹಾಕಿಸದಿದ್ದವನೂ ಎಚ್ಚರವಾಗಿಯೇ ಇರುತ್ತಾನೆ.

ಇಬ್ಬರ ವಾದವನ್ನೂ ಅಗ್ನಿ ಒಮ್ಮೆ ಕೇಳಿಸಿಕೊಂಡಿದ್ದಾನೆ. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಎಸ್‌ಬಿಜಿ2 ಎಂಬ ಡೇಟಾ ಸೆಂಟರ್ ಸುಟ್ಟು ಕರಕಲಾಯಿತು. ಅಖಂಡ, ಖಂಡ ಎಂಬ ಭೇದವನ್ನು ಅಗ್ನಿ ಎಣಿಸಲಿಲ್ಲ. ಬ್ಯಾಕಪ್ಪನ್ನು ಅದೇ ಆವರಣದಲ್ಲಿ ಇಟ್ಟುಕೊಂಡಿದ್ದವರಿಗೆ ಮೂಲಪಾಠವೂ ಪ್ರತಿಯೂ ಒಟ್ಟಿಗೇ ಹೋದವು. ಬ್ಯಾಕಪ್ ಬೇರೆ ಊರಿನಲ್ಲಿರಬೇಕೆಂಬುದು ಎರಡು ಪಕ್ಷಕ್ಕೂ ಸಮಾನವಾದ ನಿತ್ಯಕರ್ಮ. ಮಾಡಿದರೆ ಪುಣ್ಯವಿಲ್ಲ, ಬಿಟ್ಟರೆ ಪಾಪ ಖಂಡಿತ.

ಇನ್ನು ಸಿದ್ಧಾಂತ. ಇಷ್ಟು ಖಂಡನ ಮಂಡನ ನಡೆದ ಮೇಲೆ ಯಾರೋ ಒಬ್ಬರು ಸಭಾಂಗಣದಲ್ಲಿ ಕುರ್ಚಿ ಎಷ್ಟು ಎಂದು ಕೇಳಿದರು. ಇನ್ನೂರು. ಟಿಕೆಟ್ ಇನ್ನೂರೇ ಎಂದಮೇಲೆ ಈ ಸಂಶಯಕ್ಕೆ ಹುಟ್ಟುವ ಹಕ್ಕೇ ಇರಲಿಲ್ಲ. ಎರಡು ವಿಸಿಪಿಯು, ನಾಲ್ಕು ಜಿಬಿ ರ‍್ಯಾಮಿನ ವಿಪಿಎಸ್ ಧಾರಾಳವಾಯಿತು. ಎಸ್‌ಟಿ ಅಂಕಿ ದಿನಗಟ್ಟಲೆ ಹತ್ತರ ಮೇಲೇ ಕೂತರೆ, ಅಥವಾ ಡೇಟಾಬೇಸು ಸಿಗುವ ರ‍್ಯಾಮಿನಲ್ಲಿ ಹಿಡಿಸದಷ್ಟು ಬೆಳೆದರೆ ಆಗ ಅಖಂಡವಾದಿಗಳನ್ನು ಮತ್ತೆ ಕರೆಸಬಹುದು. ಡಿಸ್ಕಿಗಾಗಿ ಕಾದ ಹೊತ್ತನ್ನು ಹೇಳುವ ‘ಡಬ್ಲ್ಯುಎ’ ಅಂಕಿ ಏರಿದರೆ ನೆರೆಯವನನ್ನು ಬೈಯುವ ಮುನ್ನ ನಿಮ್ಮ ಟೇಬಲ್ಲಿಗೆ ಇಂಡೆಕ್ಸ್ ಇದೆಯೇ ನೋಡಿ. ಇಂಡೆಕ್ಸ್ ಇಲ್ಲದ ಟೇಬಲ್ಲಿಗೆ ಇಂದ್ರನ ಐರಾವತ ಕಟ್ಟಿದರೂ ಸಾಲದು.

‘ಡೆಡಿಕೇಟೆಡ್ ಅಂದ್ರೆ ಕೇಳೋಕೇ ಒಂದು ಗತ್ತಿದೆ ಕಣ್ರೀ’ ಎಂದ ಖಜಾಂಚಿಯವರ ಮತ ಶಬ್ದಪ್ರಮಾಣವಾಗಿ ದಾಖಲಾಗಿದೆ. ಬಿಲ್ಲು ನೋಡಿದ ಮೇಲೆ ಅವರೇ ಅದನ್ನು ಹಿಂಪಡೆದರು.

ಉಳಿದದ್ದು ಸಂಗತಿ. ಕೊಂಡದ್ದು ಅನ್‌ಮ್ಯಾನೇಜ್ಡ್ ಪ್ಲಾನ್. ಅದರಲ್ಲಿ ಯಂತ್ರವೂ ನೆಟ್‌ವರ್ಕೂ ಮಾತ್ರ ಬಾಡಿಗೆ ಕೊಟ್ಟ ಕಂಪನಿಯ ಹೊಣೆ. ಅಪ್‌ಡೇಟ್, ಫೈರ್‌ವಾಲ್, ಬ್ಯಾಕಪ್ಪುಗಳಿಗೆಲ್ಲ ತಂಡದವರೇ ಒಬ್ಬ ಋತ್ವಿಜನನ್ನು ನೇಮಿಸಬೇಕು. ರೂಟ್ ಪಾಸ್‌ವರ್ಡ್ ಬಲ್ಲವನು ಸದ್ಯಕ್ಕೆ ಒಬ್ಬನೇ, ಎರಡನೇ ಅಂಕದಲ್ಲಿ ಸಾಯುವ ಸೇನಾಪತಿ. ಮೂರನೇ ಅಂಕ ನಡೆಯುವಾಗ ಅವನು ಗ್ರೀನ್‌ರೂಮಿನಲ್ಲಿ ಲಾಗಿನ್ ಆಗಿ ನೋಡುವುದೆಂದು ಸಭೆ ತೀರ್ಮಾನಿಸಿದೆ.